ನೇಪಾಳದ ರಾಜನ್ನ ಇಳಿಸಿದ 19 ದಿನ

ನೇಪಾಳದಲ್ಲಿ ರಾಜಪ್ರಭುತ್ವ ಹೋಗಿದ್ದು ಮಾವೋವಾದಿಗಳ ಬಂದೂಕಿಂದ ಅಂತ ನಮ್ಮಲ್ಲಿ ತುಂಬಾ ಜನ ಹೇಳ್ತಾರೆ. ನಾನಂತೂ ಪೂರ್ತಿ ಒಪ್ಪಲ್ಲ. 1996ರಲ್ಲಿ ಶುರುವಾದ ಆ ಯುದ್ಧ ಹತ್ತು ವರ್ಷ ನಡೀತು, 13 ಸಾವಿರಕ್ಕೂ ಹೆಚ್ಚು ಜನ ಸತ್ರು, ಎಷ್ಟೋ ಹಳ್ಳಿಗಳು ಅವರ ಕೈಗೆ ಹೋದ್ವು, ಆದ್ರೂ ಕಠ್ಮಂಡುವಿನ ಅರಮನೆ ಅಲ್ಲಾಡಿರ್ಲಿಲ್ಲ. ಅಲ್ಲಾಡಿದ್ದು 2006ರ ಏಪ್ರಿಲ್‌ನಲ್ಲಿ, ಜನ ಬರಿಗೈಲಿ ಬೀದಿಗಿಳಿದಾಗ.

ಅವರನ್ನ ಬೀದಿಗೆ ತಂದಿದ್ದೂ ರಾಜ ಜ್ಞಾನೇಂದ್ರನೇ. 2001ರ ಜೂನ್ 1ರ ರಾತ್ರಿ ನಾರಾಯಣಹಿಟಿ ಅರಮನೇಲಿ ಅಣ್ಣ ಬೀರೇಂದ್ರನ ಕುಟುಂಬ ಗುಂಡಿಗೆ ಬಲಿಯಾಗಿ ಈತ ಪಟ್ಟಕ್ಕೆ ಬಂದಿದ್ದು, ಜನಕ್ಕೆ ಮೊದಲಿಂದ್ಲೂ ಒಂದು ಅನುಮಾನ ಇದ್ದೇ ಇತ್ತು. 2005ರ ಫೆಬ್ರವರಿ 1ಕ್ಕೆ ಸರ್ಕಾರ ವಜಾ ಮಾಡಿ, ಲೀಡರ್‌ಗಳನ್ನ ಮನೇಲೇ ಕೂಡಿಹಾಕಿ, ಫೋನ್ ಇಂಟರ್ನೆಟ್ ಎಲ್ಲಾ ಕಟ್ ಮಾಡಿಸಿ ಪೂರ್ತಿ ಅಧಿಕಾರ ತಾನೇ ತಗೊಂಡ. ಒಬ್ಬರ ಮುಖ ಒಬ್ಬರು ನೋಡದಿದ್ದ ಏಳು ಪಕ್ಷಗಳೂ ಮಾವೋವಾದಿಗಳೂ ಅದೇ ನವೆಂಬರ್‌ನಲ್ಲಿ 12 ಅಂಶದ ಒಪ್ಪಂದಕ್ಕೆ ಬಂದ್ರು.

2006ರ ಏಪ್ರಿಲ್ 6ಕ್ಕೆ ಬಂದ್ ಶುರು. ನಾಲ್ಕು ದಿನ ಅಂತ ಕರೆ ಕೊಟ್ಟಿದ್ದು ನಿಲ್ಲಲೇ ಇಲ್ಲ. ಕಠ್ಮಂಡು ಊರೊಳಗೆ ಕರ್ಫ್ಯೂ, ಕಂಡಲ್ಲಿ ಗುಂಡು, ಹಾಗಾಗಿ ಜನ ರಿಂಗ್ ರೋಡ್ ಸುತ್ತ ಸೇರೋಕೆ ಶುರು ಮಾಡಿದ್ರು, ಕಲಂಕಿ, ಗೋಂಗಬು, ಚಾಬಹಿಲ್ ಹೀಗೆ ಎಲ್ಲಾ ಕಡೆಯಿಂದ, ಕೂಲಿಯವರು, ಸ್ಟೂಡೆಂಟ್ಸು, ವಕೀಲರು, ಡಾಕ್ಟರು, ಕೊನೆಗೆ ಗೃಹ ಇಲಾಖೆ ನೌಕರರೇ ಬಂದು ಅರೆಸ್ಟ್ ಆದ್ರು. ಕಲಂಕೀಲಿ ಗೋಲಿಬಾರ್ ಆಯ್ತು, ಮಾರನೇ ದಿನ ಜನ ಇನ್ನೂ ಜಾಸ್ತಿಯಾದ್ರು. 21ಕ್ಕೆ ರಾಜ, ಪ್ರಧಾನಿ ಯಾರಾಗ್ಬೇಕು ನೀವೇ ಹೆಸರು ಕೊಡಿ ಅಂದ. ನಮ್ಮ ಭಾರತ ಸರ್ಕಾರವೂ ಅದನ್ನ ಸ್ವಾಗತಿಸಿಬಿಡ್ತು. ಬೀದೀಲಿದ್ದೋರು ಒಪ್ಪಲಿಲ್ಲ! ನನಗೆ ಇಡೀ ಕತೇಲಿ ಮುಖ್ಯ ಅನ್ಸೋದು ಇದೇ, ಅವತ್ತು ಅವರು ಮನೆಗೆ ಹೋಗಿದ್ರೆ ಆತ ಇವತ್ತೂ ಸಿಂಹಾಸನದ ಮೇಲೇ ಇರ್ತಿದ್ದ. 24ರ ರಾತ್ರಿ, ವಿಸರ್ಜನೆಯಾಗಿದ್ದ ಹಳೇ ಸಂಸತ್ತನ್ನ ವಾಪಸ್ ಕೊಟ್ಟ. 2008ರ ಮೇ 28ಕ್ಕೆ ಸಂವಿಧಾನ ಸಭೆ 560–4 ವೋಟಲ್ಲಿ 240 ವರ್ಷದ ಶಾ ವಂಶದ ಆಳ್ವಿಕೆ ಮುಗಿಸ್ತು. ಜೂನ್ 11ಕ್ಕೆ ಆತ ಕಿರೀಟ ಒಪ್ಪಿಸಿ ಅರಮನೆ ಬಿಟ್ಟ, ಅದೀಗ ಮ್ಯೂಸಿಯಂ.

ನೋಟು ಕೂಡ ಬದಲಾಯ್ತು. ರಾಜನ ಮುಖ ಇದ್ದ ಜಾಗಕ್ಕೆ ಎವರೆಸ್ಟ್ ಬಂತು, ಆದ್ರೆ ಪೇಪರ್ ಮೊದಲೇ ತಯಾರಾಗಿತ್ತಲ್ಲ, ವಾಟರ್‌ಮಾರ್ಕಲ್ಲಿ ಇನ್ನೂ ರಾಜನೇ ಇದ್ದ, ಅದರ ಮೇಲೆ ಲಾಲಿಗುರಾಂಸ್ ಹೂವಿನ ಚಿತ್ರ ಪ್ರಿಂಟ್ ಮಾಡಿ ಮುಚ್ಚಿದ್ರು.

ಇದರ ಬಿಸಿ ನಮ್ಮವರಿಗೂ ತಟ್ಟಿತು. ಪಶುಪತಿನಾಥದಲ್ಲಿ ಪೂಜೆ ಮಾಡೋ ಭಟ್ಟರು ಕರ್ನಾಟಕದವರು. 2008ರ ಕೊನೇಲಿ ಮಾವೋವಾದಿ ಸರ್ಕಾರ ಅವರ ಬದಲು ನೇಪಾಳಿ ಅರ್ಚಕರನ್ನ ನೇಮಿಸೋಕೆ ಹೋಯ್ತು, ದೊಡ್ಡ ಗಲಾಟೆಯಾಗಿ ಹಿಂದೆ ಸರೀತು.

ನಿಜವಾದ ಬದಲಾವಣೆ ಅಂದ್ರೆ ವಿಷ್ಣುವಿನ ಅವತಾರ ಅಂತ ರಾಜನಿಗೆ ಕೈ ಮುಗೀತಿದ್ದ ದೇಶದ ಸಂವಿಧಾನ ಸಭೇಲಿ 601 ಜನರ ಪೈಕಿ 197 ಹೆಂಗಸರು ಬಂದು ಕೂತಿದ್ದು. ಅಷ್ಟಾಗಿಯೂ 2015ರ ಸಂವಿಧಾನದಲ್ಲಿ ವಿದೇಶಿಯನ್ನ ಮದುವೆಯಾದ ನೇಪಾಳಿ ತಾಯಿಯ ಮಗುವಿಗೆ, ಅದೇ ಥರ ಮದುವೆಯಾದ ತಂದೆಯ ಮಗುವಿಗೆ ಸಿಗೋ ಪೌರತ್ವ ಸಿಗಲ್ಲ, ಅಂಥ ಮದುವೇಲಿ ವಂಶದ ಆಧಾರದ ಪೌರತ್ವ ಅಪ್ಪನ ಕಡೆಯಿಂದ ಮಾತ್ರ. ರಿಂಗ್ ರೋಡಲ್ಲಿ ಅಷ್ಟೊಂದು ಹೆಂಗಸರು ಲಾಠಿ ಏಟು ತಿಂದಿದ್ರು, ಈ ಅನ್ಯಾಯ ನನಗೆ ಇವತ್ತಿಗೂ ಸಿಟ್ಟು ಬರಿಸುತ್ತೆ.