ನಥಿಂಗ್ ಎಲ್ಸ್ ಮ್ಯಾಟರ್ಸ್ ಕಲಿಕೆ: ಹನ್ನೊಂದು ವಾರದ ಲೆಕ್ಕ

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಈ ಹಾಡನ್ನು ಗಿಟಾರಿನಲ್ಲಿ ಪೂರ್ತಿ ಕಲಿಯಬೇಕು, ಮನೆಯಲ್ಲೇ ರೆಕಾರ್ಡ್ ಮಾಡಬೇಕು, ತಮ್ಮನಿಗೆ ಕಳಿಸಬೇಕು. ಪ್ರಾಜೆಕ್ಟ್ ಇಷ್ಟೇ. ಹನ್ನೊಂದು ವಾರ ಆಯಿತು. ಎಲ್ಲಿಗೆ ಬಂದಿದ್ದೇನೆ ಅಂತ ಇವತ್ತು ಕೂತು ಬರೆಯುತ್ತಿದ್ದೇನೆ.

ತಮ್ಮನಿಗೇ ಯಾಕೆ ಅಂದರೆ, 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾವಿಬ್ಬರೂ ಅಲ್ಲಿದ್ದೆವು. ಎರಡು ದಿನ ಮೊದಲು ಗುರುಗ್ರಾಮದಲ್ಲಿ ಆಗಬೇಕಿದ್ದ ಶೋ ನಿಂತುಹೋಗಿತ್ತು, ಹಾಗಾಗಿ ಬಸ್ಸಿನಲ್ಲಿ ಬರುವಾಗ ಪೂರ್ತಿ ಅವನದ್ದು ಒಂದೇ ಪ್ರಶ್ನೆ, ನಮ್ಮದಾದರೂ ನಡೆಯುತ್ತಾ ಅಂತ. ನಡೆಯಿತು. ಗಂಟೆಗಟ್ಟಲೆ ಕುಣಿದು, ಕೂಗಿ, ಗಂಟಲು ಹೋಗಿತ್ತು. ಕೊನೆಕೊನೆಗೆ ಈ ಹಾಡಿನ ಮೊದಲ ನಾಲ್ಕು ತಂತಿ ಕೇಳಿದ್ದೇ ತಡ, ಅಷ್ಟು ಹೊತ್ತು ನೂಕಾಡುತ್ತಿದ್ದ ಜನ ನಿಂತರು. ತಮ್ಮ ನನ್ನ ಹೆಗಲ ಮೇಲೆ ಕೈ ಹಾಕಿದ. ನಾವು ಹಾಗೆಲ್ಲ ಕೈ ಹಾಕಿಕೊಳ್ಳುವವರಲ್ಲ. ಈಗ ಅವನು ಇರುವುದು ಡಬ್ಲಿನ್ನಿನಲ್ಲಿ. ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ.

ಮೊದಲ ಎರಡು ವಾರ

ಗಿಟಾರ್ ನನಗೆ ಹೊಸದಲ್ಲ. ಕಾಲೇಜಿನಲ್ಲಿ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಹಾಡಿಗೆ ಜೊತೆ ಕೊಡುತ್ತಿದ್ದೆ. ಆದರೆ ಬೆರಳಿನಿಂದ ಒಂದೊಂದೇ ತಂತಿ ಮೀಟಿ ನುಡಿಸಿದ್ದು ಕಡಿಮೆ. ಈ ಹಾಡು ಶುರುವಾಗುವುದೇ ಹಾಗೆ. ದಪ್ಪ ಆರನೇ ತಂತಿ ಹೆಬ್ಬೆರಳಿಗೆ, ಮೂರನೆಯದು ತೋರುಬೆರಳಿಗೆ, ಎರಡನೆಯದು ನಡುಬೆರಳಿಗೆ, ಒಂದನೆಯದು ಉಂಗುರ ಬೆರಳಿಗೆ, ಆಮೇಲೆ ಅದೇ ದಾರಿಯಲ್ಲಿ ವಾಪಸ್. ಒಟ್ಟು ಆರು ಮೀಟು. ಶುರುವಿನಲ್ಲಿ ಎಡಗೈಗೆ ಕೆಲಸವೇ ಇಲ್ಲ! ಗಿಟಾರನ್ನು ಸುಮ್ನೆ ಶ್ರುತಿ ಮಾಡಿಟ್ಟರೆ ಈ ನಾಲ್ಕು ತಂತಿಗಳು ತಾವಾಗಿಯೇ ಇ, ಜಿ, ಬಿ, ಇ. ಅಂದರೆ ಇ ಮೈನರ್. ಬೆರಳು ಒತ್ತದೆಯೇ ಸಿಗುವ ಕಾರ್ಡ್.

ಹೀಗೆ ಯಾಕೆ ಅಂತ ಗೊತ್ತಾದ ಮೇಲೆ ಹಾಡಿನ ಮೇಲೆ ನನ್ನ ಪ್ರೀತಿ ಇನ್ನೂ ಜಾಸ್ತಿ ಆಯಿತು. ಮೆಟಾಲಿಕಾದ ಹಾಡುಗಾರ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಇದನ್ನು ಹುಟ್ಟಿಸಿದ್ದು ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ. ಒಂದು ಕೈಯಲ್ಲಿ ರಿಸೀವರ್. ಇನ್ನೊಂದು ಕೈ ಗಿಟಾರಿನ ಮೇಲೆ. ಒತ್ತಲು ಕೈ ಖಾಲಿ ಇಲ್ಲ, ಹಾಗಾಗಿ ಬರೀ ಬಿಟ್ಟ ತಂತಿಗಳು. ಊರೂರು ಸುತ್ತುವ ಬ್ಯಾಂಡಿನ ಮನುಷ್ಯ, ದೂರದಲ್ಲಿರುವ ಒಬ್ಬಳಿಗಾಗಿ ಬರೆದುಕೊಂಡದ್ದು. ಇದು ಮೆಟಾಲಿಕಾ ಹಾಡು ಆಗುತ್ತದೆ ಅಂತ ಅವನಿಗೇ ಅನಿಸಿರಲಿಲ್ಲ, ತನ್ನ ಪಾಡಿಗೆ ಇಟ್ಟುಕೊಂಡಿದ್ದ. ಡ್ರಮ್ಮರ್ ಲಾರ್ಸ್ ಉಲ್ರಿಚ್ ಕಿವಿಗೆ ಬಿದ್ದ ಮೇಲೇ ಅದು ಬ್ಯಾಂಡಿನದಾಗಿದ್ದು.

ಸುಲಭ ಅಲ್ವಾ ಅಂದುಕೊಂಡು ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 90 ಟಿಕ್ಕಿಗೆ ಇಟ್ಟು ಶುರು ಮಾಡಿದೆ, ಒಂದು ಟಿಕ್ಕಿಗೆ ಒಂದು ಮೀಟು. ಮೂಲ ಹಾಡು 140ರ ಆಸುಪಾಸಿನಲ್ಲಿದೆ. ಮೊದಲ ವಾರವೇ 120 ಮುಟ್ಟಿದೆ. ಎರಡನೇ ವಾರ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಏನೋ ಕುಂಟುತ್ತಿದೆ ಅನಿಸಿತು. ಎಲ್ಲಿ ಅಂತ ಗೊತ್ತಾಗಲಿಲ್ಲ. ಆ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿ ಆಡಾಸಿಟಿ ಅನ್ನುವ ಧ್ವನಿ ತಂತ್ರಾಂಶದಲ್ಲಿ ತೆರೆದು ದೊಡ್ಡದು ಮಾಡಿ ನೋಡಿದೆ. ಪ್ರತಿ ಮೀಟೂ ಒಂದೊಂದು ಗುಡ್ಡದ ಹಾಗೆ ಕಾಣುತ್ತಿತ್ತು. ಆರು ಗುಡ್ಡಗಳಲ್ಲಿ ನಾಲ್ಕನೆಯದು ಪ್ರತಿ ಸಲವೂ ತಗ್ಗು, ಪಕ್ಕದ್ದರ ಅರ್ಧವೂ ಇಲ್ಲ. ಉಂಗುರ ಬೆರಳು! ರಾಗದ ತುದಿ ಇರುವುದೇ ಅಲ್ಲಿ, ತೆಳು ತಂತಿಯ ಮೇಲೆ. ಅದೇ ಸೊರಗಿದರೆ ಉಳಿದ ಐದು ಎಷ್ಟು ಚೆನ್ನಾಗಿದ್ದರೂ ಸಾಲದು.

ಮೂರರಿಂದ ಐದು

ಮತ್ತೆ 70ಕ್ಕೆ ಇಳಿಸಿದೆ. ಉಂಗುರ ಬೆರಳಿಗೆ ಮಾತ್ರ ಒತ್ತು ಕೊಟ್ಟು ದಿನಕ್ಕೆ ಇಪ್ಪತ್ತು ನಿಮಿಷ. ಆ ಬೆರಳಿನ ಉಗುರನ್ನು ಒಂದು ಕೂದಲಷ್ಟು ಬೆಳೆಯಲು ಬಿಟ್ಟೆ. ಅದರಿಂದಲೂ ಧ್ವನಿ ತೆರೆದುಕೊಂಡಿತು.

ಈ ಹೊತ್ತಿಗೆ ತಬಲಾ ನುಡಿಸುವ ಗೆಳೆಯ ಮನೆಗೆ ಬಂದಿದ್ದ. ಸುಗಮ ಸಂಗೀತದವರಿಗೆ ಜೊತೆ ಕೊಡುವವನು, ಹೆವಿ ಮೆಟಲ್ ಕೇಳಿದವನೇ ಅಲ್ಲ. ನಾನು ನುಡಿಸುವುದನ್ನು ಕೇಳುತ್ತಾ ಟೀಪಾಯಿ ಮೇಲೆ ಬೆರಳು ಆಡಿಸತೊಡಗಿದ. ಧಾ ಧೀಂ ನಾ, ಧಾ ತೀಂ ನಾ. "ಇದು ದಾದ್ರಾ ಅಲ್ವಾ?" ಅಂದ. ಹೌದು, ದಾದ್ರಾ ತಾಳದ ಹಾಗೇ ಆರು ಮಾತ್ರೆ, ಮೂರು ಮೂರಾಗಿ. ಪಾಶ್ಚಾತ್ಯರು ಸಿಕ್ಸ್ ಬೈ ಎಯ್ಟ್ ಅನ್ನುವುದು ನಮ್ಮ ಎಷ್ಟೋ ಭಾವಗೀತೆಗಳು ನಡೆಯುವ ನಡಿಗೆಯೇ. ನಾಲ್ಕನೇ ಮೀಟು ಬಿದ್ದುಹೋಗುವ ಕಷ್ಟ ಹೇಳಿಕೊಂಡೆ. ದಾದ್ರಾದಲ್ಲೂ ನಾಲ್ಕನೇ ಮಾತ್ರೆ ಖಾಲಿ, ಆದರೆ ಖಾಲಿ ಅಂದರೆ ಬಿಟ್ಟುಬಿಡುವುದು ಅಂತಲ್ಲ, ಅಲ್ಲಿ ತೂಕ ಬದಲಾಗುತ್ತದೆ, ಕೈ ಮಾತ್ರ ಗಟ್ಟಿ ಇರಬೇಕು ಅಂದ. ಆ ಒಂದು ಮಾತು ನನಗೆ ತುಂಬಾ ಕೆಲಸಕ್ಕೆ ಬಂತು. ಅಲ್ಲಿಂದ ಮೆಟ್ರೋನೋಮ್ ಬಿಟ್ಟು ದಾದ್ರಾ ಠೇಕಾ (ತಬಲಾದ ಬಡಿತ) ಹಾಕಿಕೊಂಡೇ ಅಭ್ಯಾಸ. ಐದನೇ ವಾರದ ಕೊನೆಗೆ ಮತ್ತೆ ಗುಡ್ಡಗಳನ್ನು ನೋಡಿದೆ. ಆರೂ ಹೆಚ್ಚುಕಮ್ಮಿ ಒಂದೇ ಎತ್ತರ.

ಕಾರ್ಡ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇ ಮೈನರ್, ಡಿ, ಸಿ, ಆಮೇಲೆ ಜಿ, ಬಿ ಸೆವೆನ್, ಮತ್ತೆ ಇ ಮೈನರ್. ಕೈ ತಾನೇ ಕಲಿಯಿತು.

ಆರನೇ ವಾರ, ಗಿಟಾರ್ ಮುಟ್ಟಲಿಲ್ಲ

ಎಡಗೈ ಬೆರಳ ತುದಿ ಬಿರುಕು ಬಿಟ್ಟಿತ್ತು. ನುಡಿಸಲು ಆಗದ ವಾರವನ್ನು ಕೇಳುವುದಕ್ಕೆ ಇಟ್ಟುಕೊಂಡೆ, ಮತ್ತು ನಿಜವಾಗಿ ಹೇಳಬೇಕೆಂದರೆ ಅತಿ ಹೆಚ್ಚು ಕಲಿತದ್ದು ಇದೇ ವಾರ.

ಈ ಹಾಡಿರುವ ಆಲ್ಬಮ್ ಬಂದಿದ್ದು 1991ರ ಆಗಸ್ಟಿನಲ್ಲಿ. ಕಪ್ಪು ಮುಖಪುಟ, ಹಾಗಾಗಿ ಎಲ್ಲರ ಬಾಯಲ್ಲೂ ಬ್ಲ್ಯಾಕ್ ಆಲ್ಬಮ್. ಲಾಸ್ ಏಂಜಲೀಸ್‌ನ ಒನ್ ಆನ್ ಒನ್ ಸ್ಟುಡಿಯೋದಲ್ಲಿ 1990ರ ಅಕ್ಟೋಬರಿನಿಂದ 1991ರ ಜೂನ್ ತನಕ ರೆಕಾರ್ಡಿಂಗ್ ನಡೆಯಿತು. ನಿರ್ಮಾಪಕ ಬಾಬ್ ರಾಕ್. ಹತ್ತು ಲಕ್ಷ ಡಾಲರ್ ಖರ್ಚು, ಮೂರು ಸಲ ಮಿಕ್ಸಿಂಗ್. ಅಷ್ಟೊಂದು ಹಠ ಹಿಡಿದು ಮಾಡಿದ ಕೆಲಸದ ನಡುವೆ, ಒಂದು ಕೈಯಲ್ಲಿ ಹುಟ್ಟಿದ ಈ ಪುಟ್ಟ ಸಾಲನ್ನು ಅವರು ಹಾಗೇ ಉಳಿಸಿಕೊಂಡಿದ್ದಾರೆ. ನನಗೆ ದೊಡ್ಡದು ಅನಿಸುವುದು ಅದು.

ಇನ್ನೊಂದು ವಿಷಯ ಗೊತ್ತಾದಾಗ ಮತ್ತೆ ಮೊದಲಿನಿಂದ ಕೇಳಿದೆ. ಲೀಡ್ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಈ ಹಾಡಿನ ಸ್ಟುಡಿಯೋ ರೆಕಾರ್ಡಿಂಗಿನಲ್ಲಿ ಇಲ್ಲವೇ ಇಲ್ಲ. ಗಿಟಾರ್ ಪೂರ್ತಿ ಹೆಟ್‌ಫೀಲ್ಡ್‌ನದೇ, ದನಿ ನಿಂತು ಗಿಟಾರೇ ಮುಂದೆ ಬರುವ ಸೋಲೋ ಸಹಿತ. ಸೋಲೋ ಯಾಕೆ ಅಷ್ಟು ಮಾತಿನ ಹಾಗೆ ಕೇಳುತ್ತದೆ ಅಂತ ಆಗ ಅರ್ಥವಾಯಿತು. ಹಾಡಿದವನೇ ಮುಂದಿನ ಮಾತನ್ನು ತಂತಿಯಲ್ಲಿ ಹೇಳುತ್ತಿದ್ದಾನೆ.

ಆಗ ಹಳೆಯ ಅಭಿಮಾನಿಗಳು ಸಿಟ್ಟಾದರು, ಮೆಟಾಲಿಕಾ ಮೆತ್ತಗಾಯಿತು ಅಂದರು. 1984ರಲ್ಲಿ ಅವರ ಇನ್ನೊಂದು ಮೆತ್ತನೆಯ ಹಾಡು ಫೇಡ್ ಟು ಬ್ಲ್ಯಾಕ್ ಬಂದಾಗಲೂ ಇದೇ ದೂರು ಇತ್ತು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಥ್ರ್ಯಾಶ್ ಅನ್ನುವ ವೇಗದ, ಅಬ್ಬರದ ಮೆಟಲ್ ನುಡಿಸುವ ಬ್ಯಾಂಡು ಸಾವಿರಾರು ಜನರ ಮುಂದೆ ನಿಂತು ಇಷ್ಟು ಬಿಚ್ಚಿ ಹಾಡುವುದಕ್ಕೆ ಧೈರ್ಯ ಬೇಕು.

1999ರ ಏಪ್ರಿಲಿನಲ್ಲಿ ಬರ್ಕ್ಲಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿ ಜೊತೆ ನುಡಿಸಿದ್ದನ್ನೂ, ಫಿನ್‌ಲ್ಯಾಂಡಿನ ಅಪೋಕಲಿಪ್ಟಿಕಾದವರು ಬರೀ ಚೆಲೋಗಳಲ್ಲಿ ನುಡಿಸಿದ್ದನ್ನೂ ಕೇಳಿದೆ. ಆಮೇಲೆ 2021ರ ಬ್ಲ್ಯಾಕ್‌ಲಿಸ್ಟ್. ಬ್ಲ್ಯಾಕ್ ಆಲ್ಬಮ್ಮಿಗೆ ಮೂವತ್ತು ತುಂಬಿದಾಗ ಬೇರೆಬೇರೆ ಕಲಾವಿದರು ಅದರ ಹಾಡುಗಳನ್ನು ನುಡಿಸಿದ 53 ರೆಕಾರ್ಡಿಂಗ್‌ಗಳ ಸಂಗ್ರಹ. ಅದರಲ್ಲಿ ಇದೊಂದೇ ಹಾಡಿಗೆ 12 ರೂಪಗಳಿವೆ! ಮೈಲಿ ಸೈರಸ್ ಹಾಡಿದ್ದಕ್ಕೆ ಪಿಯಾನೋ ಎಲ್ಟನ್ ಜಾನ್, ಚೆಲೋ ಯೋ ಯೋ ಮಾ. ನನಗೆ ಹಿಡಿಸಿದ್ದು ಇಗೋರ್ ಲೆವಿಟ್ ಪಿಯಾನೋ. ಮಾತೇ ಇಲ್ಲ. ಹನ್ನೆರಡನ್ನೂ ಎರಡು ರಾತ್ರಿಯಲ್ಲಿ ಕೇಳಿ ಮುಗಿಸಿದೆ. ಡ್ರಮ್ಸ್ ತೆಗೆದರೂ, ಎಲೆಕ್ಟ್ರಿಕ್ ಗಿಟಾರಿನ ಒರಟು ದನಿ (ಡಿಸ್ಟಾರ್ಶನ್) ತೆಗೆದರೂ, ಗಿಟಾರನ್ನೇ ತೆಗೆದರೂ ಹಾಡು ನಿಲ್ಲುತ್ತದೆ. ಇದು ಗೊತ್ತಾದ ಮೇಲೆ ಎಲೆಕ್ಟ್ರಿಕ್ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ ಅನ್ನುವ ನನ್ನ ಚಿಂತೆ ಹೋಯಿತು.

ಏಳರಿಂದ ಒಂಬತ್ತು, ರೆಕಾರ್ಡಿಂಗ್

ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಸಣ್ಣ ಇಂಟರ್‌ಫೇಸು, ಲ್ಯಾಪ್‌ಟಾಪು. ಫ್ಯಾನ್ ಹಾಕಿದರೆ ಅದರ ಗಾಳಿಯ ಸದ್ದು ಮೈಕಿಗೆ ಬರುತ್ತದೆ, ಹಾಕದಿದ್ದರೆ ಬೆವರಿಗೆ ಬೆರಳು ಜಾರುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಕೂರುವುದು ಅಭ್ಯಾಸವಾಯಿತು. ಮೈಕನ್ನು ಗಿಟಾರಿನ ತೂತಿಗೆ ನೇರ ಇಟ್ಟಾಗ ದಪ್ಪ ತಂತಿ ಗುಂಯ್ ಅನ್ನುತ್ತಿತ್ತು. ಕುತ್ತಿಗೆ ಮತ್ತು ಡೊಳ್ಳು ಸೇರುವ ಜಾಗಕ್ಕೆ ತಿರುಗಿಸಿ ಒಂದು ಗೇಣು ದೂರ ಇಟ್ಟ ಮೇಲೆ ಸರಿಹೋಯಿತು.

ಎಂಟನೇ ವಾರ ವಯೊಲಿನ್ ಧ್ವನಿ ಸೇರಿಸಲು ಹೊರಟೆ. ಮೂಲ ಹಾಡಿನಲ್ಲಿ ಆರ್ಕೆಸ್ಟ್ರಾ ಇದೆ. ಆರ್ಕೆಸ್ಟ್ರಾ ಬೇಕು ಅಂದಿದ್ದು ಬಾಬ್ ರಾಕ್, ಬರೆದುಕೊಟ್ಟಿದ್ದು ಮೈಕೆಲ್ ಕೇಮನ್. ಪಿಂಕ್ ಫ್ಲಾಯ್ಡ್ ಜೊತೆ ಕೆಲಸ ಮಾಡಿದ್ದ, ಸಿನಿಮಾಗಳಿಗೆ ಸಂಗೀತ ಕೊಟ್ಟಿದ್ದ ದೊಡ್ಡ ಮನುಷ್ಯ. ಆದರೆ ಆಲ್ಬಮ್ಮಿನಲ್ಲಿ ಅವನ ಆರ್ಕೆಸ್ಟ್ರಾವನ್ನು ತುಂಬಾ ಕೆಳಗೆ ಇಟ್ಟಿದ್ದಾರೆ, ಗಮನ ಕೊಡದಿದ್ದರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಅವನು ಬರೆದದ್ದು ಪೂರ್ತಿ ಕೇಳಬೇಕಾದರೆ ಎಲಿವೇಟರ್ ವರ್ಶನ್ ಅಂತ ಒಂದಿದೆ, ಅದೇ ಆಲ್ಬಮ್ಮಿನ ಸ್ಯಾಡ್ ಬಟ್ ಟ್ರೂ ಹಾಡಿನ ಸಿಂಗಲ್ ಜೊತೆ ಬಂದಿದ್ದು. ಅಲ್ಲಿ ಗಿಟಾರ್, ದನಿ, ಆರ್ಕೆಸ್ಟ್ರಾ ಮಾತ್ರ. ಇಷ್ಟು ಚೆಂದದ್ದನ್ನು ಯಾಕೆ ಮುಚ್ಚಿಟ್ಟರು ಅಂತ ನನಗೆ ಬೇಜಾರಾಗಿತ್ತು, ಹಾಗಾಗಿ ನನ್ನದರಲ್ಲಿ ಚೆನ್ನಾಗಿ ಕೇಳಿಸಲಿ ಅಂತ ಕೀಬೋರ್ಡಿನ ವಯೊಲಿನ್ನುಗಳನ್ನು ಜೋರಾಗಿಯೇ ಇಟ್ಟೆ.

ಮರುದಿನ ಹೆಡ್‌ಫೋನ್ ಹಾಕಿ ಕೇಳಿದರೆ ಗಿಟಾರೇ ಇಲ್ಲ. ಅಂದರೆ ಇತ್ತು, ಆದರೆ ಒಂದು ಕೋಣೆಯಲ್ಲಿ ಒಬ್ಬರೇ ಕೂತು ನುಡಿಸುತ್ತಿದ್ದಾರೆ ಅನ್ನುವ ಭಾವನೆ ಹೋಗಿ, ಮದುವೆ ಮಂಟಪದಲ್ಲಿ ನುಡಿಸಿದ ಹಾಗಿತ್ತು. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದೆ. ಕೊನೆಗೆ ವಯೊಲಿನ್ ಕೇಳಿಸದಷ್ಟು ಕೆಳಗೆ ಬಂತು. ಹಾಗಾದರೆ ಬೇಡವೇ ಬೇಡ ಅಂತ ಪೂರ್ತಿ ಮ್ಯೂಟ್ ಮಾಡಿದೆ. ತಕ್ಷಣ ಕಾಲ ಕೆಳಗಿನ ಚಾಪೆ ಎಳೆದ ಹಾಗಾಯಿತು! ಮತ್ತೆ ಹಾಕಿದೆ, ಅದೇ ಮಟ್ಟಕ್ಕೆ. ಅವರು ಯಾಕೆ ಹಾಗೆ ಮಿಕ್ಸ್ ಮಾಡಿದ್ದರು ಅಂತ ಈಗ ನನ್ನ ಕಿವಿಗೆ ಗೊತ್ತು.

ಹತ್ತು ಮತ್ತು ಹನ್ನೊಂದು

ಸೋಲೋ. ವೇಗ ಇಲ್ಲ, ಹಾಗಾಗಿ ಮುಚ್ಚಿಡಲು ಜಾಗವೂ ಇಲ್ಲ. ತಂತಿಯನ್ನು ಎಳೆದು ಸ್ವರ ಮೇಲೇರಿಸಬೇಕು (ಇದಕ್ಕೆ ಬೆಂಡು ಅನ್ನುತ್ತಾರೆ), ಸರಿಯಾದ ಜಾಗ ಮುಟ್ಟಿ ಅಲ್ಲಿ ನಿಲ್ಲಬೇಕು. ನನ್ನ ಅಕೂಸ್ಟಿಕ್ ಗಿಟಾರಿನಲ್ಲಿ 12ರ ದಪ್ಪದ ತಂತಿಗಳು, ಎಳೆದರೆ ಬೆರಳೇ ಕಿತ್ತುಬರುತ್ತದೆ. ತಬಲಾ ಗೆಳೆಯನ ಅಣ್ಣನ ಮಗನ ಹತ್ತಿರ ಎಲೆಕ್ಟ್ರಿಕ್ ಇತ್ತು, ಇನ್ನೂ ತೆಳುವಾದ 10ರ ತಂತಿ. ಎರಡು ತಿಂಗಳಿಗೆ ಇಸ್ಕೊಂಡಿದ್ದೇನೆ. ಅಭ್ಯಾಸ ಹೀಗೆ: ಮುಟ್ಟಬೇಕಾದ ಸ್ವರವನ್ನು ಮೊದಲು ಎರಡು ಮನೆ (ಫ್ರೆಟ್) ಮುಂದೆ ನೇರವಾಗಿ ನುಡಿಸಿ ಕಿವಿಗೆ ತುಂಬಿಕೊಳ್ಳುವುದು, ಆಮೇಲೆ ಹಿಂದೆ ಬಂದು ತಂತಿ ಎಳೆದು ಅದೇ ಸ್ವರಕ್ಕೆ ಸೇರಿಸುವುದು. ಶುರುವಿನಲ್ಲಿ ಟ್ಯೂನರ್ ಇಟ್ಟುಕೊಂಡು ನೋಡಿದರೆ ಹತ್ತರಲ್ಲಿ ಆರು ಸಲ ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು. ಒಂದೇ ಬೆರಳಿಂದ ಎಳೆಯುತ್ತಿದ್ದೆ. ಈಗ ಉಂಗುರ ಬೆರಳಿನ ಹಿಂದೆ ಉಳಿದೆರಡನ್ನೂ ಒತ್ತಾಸೆಗೆ ಇಡುತ್ತೇನೆ, ಶಕ್ತಿ ಮಣಿಕಟ್ಟಿನಿಂದ ಬರುತ್ತದೆ.

ಹಾಡುವುದು ಇನ್ನೂ ಬಾಕಿ ಇದೆ. ಅದಕ್ಕೆ ಬೇರೆ ಲಾಗ್ ಬೇಕು.

ಮೊನ್ನೆ ಭಾನುವಾರ ತಮ್ಮ ಫೋನ್ ಮಾಡಿದಾಗ ಸ್ಪೀಕರಿಗೆ ಹಾಕಿ ಟೀಪಾಯಿ ಮೇಲಿಟ್ಟು, ಏನೂ ಹೇಳದೆ ಆರಂಭದ ಸಾಲು ನುಡಿಸಿದೆ. ರೆಕಾರ್ಡಿಂಗ್ ಮುಗಿಯುವ ತನಕ ಗುಟ್ಟಾಗಿ ಇಡಬೇಕು ಅಂತಿತ್ತು, ತಡೆಯಲಾಗಲಿಲ್ಲ. ಅವನು ಮಾತಾಡುತ್ತಿದ್ದವನು ನಿಲ್ಲಿಸಿದ. ಒಂದು ಚರಣದ ತನಕ ನುಡಿಸಿದೆ. ಆ ಕಡೆಯಿಂದ ರಸ್ತೆಯ ಗಾಡಿ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ, ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಕೇಳಿದ, "ಸೋಲೋ?"

ಇನ್ನೂ ಎರಡು ವಾರ ಕೊಡು ಅಂದೆ.

ಇವತ್ತು ಬೆಳಿಗ್ಗೆಯ ಲೆಕ್ಕ: ಸೋಲೋ 110ರಲ್ಲಿ, ಹತ್ತರಲ್ಲಿ ಏಳು ಬೆಂಡು ಸರಿ.