ಅತ್ತೆ ಹೆಸರೆತ್ತದ ಊರು ತೆರೆಜಿನ್: ಹೋಗುವವರಿಗೆ ನಮ್ಮ ಅನುಭವ

ನಮ್ಮ ಅತ್ತೆ ಪ್ರಾಗ್‌ನ ಯಹೂದಿ ಮನೆತನದವರು. 1943ರಲ್ಲಿ, ಹನ್ನೊಂದನೇ ವಯಸ್ಸಿಗೆ, ಅಪ್ಪ ಅಮ್ಮನ ಜೊತೆ ಅವರನ್ನು ನಾಜಿಗಳು ಚೆಕ್ ದೇಶದ ತೆರೆಜಿನ್ ಊರಿನ ಘೆಟ್ಟೋಗೆ, ಅಂದರೆ ಯಹೂದಿಗಳನ್ನು ಕೂಡಿಹಾಕಿದ ಜಾಗಕ್ಕೆ, ಸಾಗಿಸಿದರು. ತಾಯಿ ಮಗಳು ಬದುಕಿ ಬಂದರು. ಅಪ್ಪ ಬರಲಿಲ್ಲ. ನಾನು ಮೈಸೂರಿನಿಂದ ಸೊಸೆಯಾಗಿ ಬಂದವಳು, ಇಪ್ಪತ್ತು ವರ್ಷ ಅವರ ಜೊತೆ ಒಂದೇ ಅಡುಗೆಮನೆಯಲ್ಲಿ ಓಡಾಡಿದ್ದೇನೆ, ಒಂದು ದಿನವೂ ಆ ಊರಿನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಅವರು ತೀರಿಕೊಂಡ ಮೇಲೆ ಬೀರುವಿನಲ್ಲಿ ನಮ್ಮ ಯಜಮಾನರಿಗೆ ಒಂದು ಚೀಟಿ ಸಿಕ್ಕಿತು. ಅದರಲ್ಲಿ ಬರೆದಿದ್ದು ‘ಎಲ್ 410’ ಅಂತ, ಅಷ್ಟೇ. ಕೈದಿ ನಂಬರ್ ಇರಬೇಕು ಅಂದುಕೊಂಡೆವು.

ಹಾಗೇ ಹೊರಟೂ ಬಿಟ್ಟೆವು. ಒಂದು ದಿನದ ಟೂರ್ ಬಸ್ಸು. ‘ಸಣ್ಣ ಕೋಟೆ’ಯಲ್ಲೇ ಎರಡೂವರೆ ಗಂಟೆ ಸುತ್ತಿಸಿ, ಊರಿಗೆ ನಲವತ್ತು ನಿಮಿಷ ಕೊಟ್ಟರು. ಆ ಕೋಟೆ ನಾಜಿಗಳ ರಹಸ್ಯ ಪೊಲೀಸರ (ಗೆಸ್ಟಾಪೊ) ಜೈಲಾಗಿತ್ತು, ಅದನ್ನೂ ನೋಡಬೇಕು. ಆದರೆ ಘೆಟ್ಟೋ ಆಗಿದ್ದು ನದಿಯ ಈಚೆಗಿರುವ ಇಡೀ ಊರು. ನಿಮ್ಮ ಮನೆಯವರು ಘೆಟ್ಟೋದಲ್ಲಿದ್ದರೆ ನೀವು ನಡೆಯಬೇಕಾದ್ದು ಆ ಬೀದಿಗಳಲ್ಲಿ. ನಮ್ಮ ಯಜಮಾನರು ವಾಪಸ್ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಎರಡನೇ ಸಲ ಹೋಗುವ ಮುಂಚೆ ಒಂದು ವರ್ಷ ಕಾಗದಪತ್ರ ಹುಡುಕಿದೆವು. ನೀವು ಮೊದಲೇ ಮಾಡಿ. ಜರ್ಮನಿಯ ಆರೋಲ್ಸನ್ ಆರ್ಕೈವ್ಸ್‌ನಲ್ಲಿ ನಾಜಿಗಳ ಕೈಗೆ ಸಿಕ್ಕಿದ ಸುಮಾರು 1.75 ಕೋಟಿ ಜನರ ಬಗ್ಗೆ ದಾಖಲೆಗಳಿವೆ, ಮನೆಯವರು ಕೇಳಿದರೆ ದುಡ್ಡು ತೆಗೆದುಕೊಳ್ಳದೆ ಹುಡುಕಿಕೊಡುತ್ತಾರೆ, ಆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ತೆರೆಜಿನ್ ಇನಿಶಿಯೇಟಿವ್ ಸಂಸ್ಥೆಯ ಆನ್‌ಲೈನ್ ಪಟ್ಟಿ ಮುಖ್ಯವಾಗಿ ಸತ್ತವರದ್ದು. ಅಲ್ಲಿ ಅತ್ತೆ ಸಿಗಲಿಲ್ಲ, ಅವರ ಅಪ್ಪ ಸಿಕ್ಕಿದರು, ಅಪ್ಪನ ಸಾಗಣೆಯ ನಂಬರ್ ಹಿಡಿದು ಹೋದರೆ ಮಗಳ ಜಾಡೂ ಸಿಕ್ಕಿತು. ಹೆಸರು ಹುಡುಕುವಾಗ ಜೋಪಾನ. ಚೆಕ್ ಭಾಷೆಯಲ್ಲಿ ಪೊಲಾಕ್ ಅನ್ನುವವರ ಮಗಳು ಪೊಲಾಕೊವಾ ಆಗುತ್ತಾಳೆ, ಜರ್ಮನ್ ಕಾಗದದಲ್ಲಿ ಬರೀ ಪೊಲಾಕ್. ಎರಡೂ ಹಾಕಿ ನೋಡಿ. ತೆರೆಜಿನ್ ಕೂಡ ಜರ್ಮನ್ನರಿಗೆ ಥೆರೇಸಿಯನ್‌ಸ್ಟಾಟ್.

ಆಗ ಗೊತ್ತಾಯಿತು, ಎಲ್ 410 ಅಂದರೆ ವಿಳಾಸ. ಉದ್ದದ ಬೀದಿಗಳಿಗೆ ಎಲ್, ಅಡ್ಡಬೀದಿಗಳಿಗೆ ಕ್ಯೂ. ನಾಲ್ಕನೇ ಉದ್ದಬೀದಿ, ಹತ್ತನೇ ಮನೆ. ಅದು ಹುಡುಗಿಯರ ವಸತಿಮನೆ.

ಪ್ರಾಗ್‌ನ ಹೊಲೆಶೊವಿತ್ಸೆ ನಿಲ್ದಾಣದಿಂದ ಬಸ್ಸು ಹಿಡಿದರೆ ಸುಮಾರು ಒಂದು ಗಂಟೆ. ಘೆಟ್ಟೋ ಮ್ಯೂಸಿಯಂ ಇರುವುದು ಎಲ್ 417ರಲ್ಲಿ, ಅದು ಹುಡುಗರ ಮನೆಯಾಗಿತ್ತು. ಮ್ಯಾಗ್ಡೆಬರ್ಗ್ ಬ್ಯಾರಕ್‌ನಲ್ಲಿ ಮಲಗುವ ಕೋಣೆಯೊಂದನ್ನು ಆಗ ಇದ್ದ ಹಾಗೇ ಮಾಡಿಟ್ಟಿದ್ದಾರೆ, ಅಟ್ಟಣಿಗೆ ಮೇಲೆ ಅಟ್ಟಣಿಗೆ, ಮಧ್ಯೆ ಕೈ ಆಡಿಸಲೂ ಜಾಗ ಇಲ್ಲ. ಈ ಊರಿಗೆ 1,40,000ಕ್ಕೂ ಜಾಸ್ತಿ ಜನರನ್ನು ತಂದರು. ಸುಮಾರು 33,000 ಜನ ಇಲ್ಲೇ ಸತ್ತರು, ಸುಮಾರು 88,000 ಜನರನ್ನು ಪೂರ್ವಕ್ಕೆ, ಸಾವಿನ ಶಿಬಿರಗಳಿಗೂ ಬೇರೆ ಘೆಟ್ಟೋಗಳಿಗೂ, ಸಾಗಿಸಿದರು. ಈಗಲೂ ಜನ ಇಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಸೈಕಲ್ ಮೇಲೆ ಮಕ್ಕಳು ಹೋಗುತ್ತಿರುತ್ತಾರೆ. ಅದು ಮನಸ್ಸಿಗೆ ಕಷ್ಟ ಆಗುತ್ತದೆ, ಅಲ್ವಾ? ತಯಾರಾಗಿರಿ.

ಎಲ್ 410 ಇರುವುದು ಚರ್ಚ್ ಪಕ್ಕದಲ್ಲೇ. ಎದುರಿನ ಬೆಂಚಿನ ಮೇಲೆ ಇವರು ಒಂದು ಗಂಟೆ ಕೂತಿದ್ದರು. ನಾನು ಸುಮ್ನೆ ಪಕ್ಕದಲ್ಲಿದ್ದೆ. ನನ್ನ ಹಾಗೆ ಜೊತೆಗೆ ಹೋಗುವವರಿಗೆ ಇದನ್ನೇ ಹೇಳುತ್ತೇನೆ, ಮಾತಾಡಿಸಬೇಡಿ, ಫೋಟೋ ತೆಗೆಯೋಣ ಅನ್ನಬೇಡಿ. ನೀರು, ಒಂದಿಷ್ಟು ತಿನ್ನೋಕೆ ಇಟ್ಟುಕೊಂಡಿರಿ, ಸಾಕು.

ಮಾರನೇ ದಿನ ಪ್ರಾಗ್‌ನ ಪಿಂಕಾಸ್ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಬಿಡುವು ಇಟ್ಟುಕೊಳ್ಳಿ. ಶನಿವಾರ ರಜ. ಮೇಲಿನ ಮಹಡಿಯಲ್ಲಿ ಘೆಟ್ಟೋದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಅವರಿಗೆ ಚಿತ್ರ ಕಲಿಸಿದ ಫ್ರೀಡಲ್ ಡಿಕರ್-ಬ್ರಾಂಡೈಸ್ 1944ರ ಅಕ್ಟೋಬರ್‌ನಲ್ಲಿ ಆಷ್‌ವಿಟ್ಜ್ ಸಾವಿನ ಶಿಬಿರದಲ್ಲಿ ಸತ್ತರು. ಆಕೆ ಮಕ್ಕಳಿಂದ ಚಿತ್ರದ ಮೇಲೆ ಹೆಸರು ಬರೆಸುತ್ತಿದ್ದರು. ಸುಮಾರು 4,500 ಚಿತ್ರ ಉಳಿದಿವೆ, ಹೆಸರು ಕೊಟ್ಟು ಪ್ರಾಗ್‌ನ ಯಹೂದಿ ಮ್ಯೂಸಿಯಂನವರನ್ನು ಮುಂಚೆಯೇ ವಿಚಾರಿಸಿ. ನಮಗೆ ಅತ್ತೆಯದು ಸಿಗಲಿಲ್ಲ.

ಕೆಳಗಿನ ಗೋಡೆಗಳ ತುಂಬಾ ನಾಜಿಗಳಿಗೆ ಬಲಿಯಾದ ಚೆಕ್ ನಾಡಿನ ಯಹೂದಿಗಳ ಸುಮಾರು 78,000 ಹೆಸರುಗಳು, ಎಲ್ಲ ಕೈಬರಹ. ಮನೆತನದ ಹೆಸರು ಕೆಂಪಕ್ಷರದಲ್ಲಿದೆ, ಅದರಿಂದಲೇ ಹುಡುಕಿ. ಅಜ್ಜನ ಹೆಸರು ಸಿಕ್ಕಿತು. ಅದರ ಪಕ್ಕದಲ್ಲಿ ಹೆಂಡತಿಯ ಹೆಸರಿಲ್ಲ, ಮಗಳ ಹೆಸರಿಲ್ಲ, ಬೇರೆ ಮನೆತನ ಶುರುವಾಗುತ್ತದೆ. ಇವರು ಆ ಜಾಗಕ್ಕೆ ಬೆರಳು ತೋರಿಸಿ, ‘ಅಮ್ಮ ಇಲ್ಲಿಲ್ಲ’ ಅಂದರು, ಎರಡು ಸಲ.