ಕಡಲೆ ಹೊಲದಾಗ ನಮ್ಮ ಮದುವೆ ಕ್ಯಾಸೆಟ್ಟು

ನವೆಂಬರ್ ಎರಡನೇ ವಾರ ಇರಬೇಕು. ರಾತ್ರಿ ಹತ್ತೂವರೆ. ಲಗ್ನದ ಮನೆಯವರಿಗೆ ಮರುದಿನ ಎಂಟು ಜಂಪರ್ ಕೊಡಬೇಕಿತ್ತು, ಮಷಿನ್ ತುಳಿಯುತ್ತ ಕೂತಿದ್ದೆ. ದಾರ ತುಂಡಾಯಿತೆಂದು ನಿಲ್ಲಿಸಿ ಪೋಣಿಸುವಾಗ ತಗಡಿನ ಮೇಲಿಂದ ಆ ಸದ್ದು ಹಾದುಹೋಯಿತು. ಮೂಗಿನಲ್ಲಿ ಮಾತಾಡುವ ಮುದುಕರೆಲ್ಲ ಒಟ್ಟಿಗೆ ಸಂತೆಗೆ ಹೊರಟಂಥ ಸದ್ದು. ಒಳಗೆ ಮಲಗಿದ್ದ ಅತ್ತಿ ಹೊದಿಕೆಯೊಳಗಿಂದಲೇ, "ಬಂದ್ರು ನೋಡವಾ, ನಿನ್ನ ಗಂಡನ ಬೀಗರು" ಅಂದರು. ನಮ್ಮನಿಯವರು ಏನೂ ಮಾತಾಡಲಿಲ್ಲ. ಎದ್ದು ಬ್ಯಾಟರಿ ಹುಡುಕತೊಡಗಿದರು.

ಬೀಗರೆಂದರೆ ಪಟ್ಟೆತಲೆ ಹೆಬ್ಬಾತುಗಳು. ಆ ಹೆಸರು ಪುಸ್ತಕದ್ದು, ಊರಲ್ಲಿ ಎಲ್ಲರಿಗೂ ಅವು ಕೆರೆ ಹಕ್ಕಿ. ಬೂದಿ ಬಣ್ಣದ ಮೈ, ಬಿಳಿ ತಲೆ, ತಲೆಯ ಹಿಂದೆ ಕಾಡಿಗೆಯಿಂದ ಎಳೆದ ಹಾಗೆ ಎರಡು ಅಡ್ಡ ಪಟ್ಟೆ, ಹಳದಿ ಕಾಲು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಅಲ್ಲಿ ಚಳಿ ಬಿದ್ದಾಗ ಹಿಮಾಲಯ ದಾಟಿ ಇತ್ತ ಬರುತ್ತವೆ. ಹಾಗೆ ದಾಟುವಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದನ್ನು ಯಂತ್ರ ಕಟ್ಟಿ ಅಳೆದಿದ್ದಾರಂತೆ. ಮಗಳು ಮೊಬೈಲಿನಲ್ಲಿ ಇದನ್ನು ಓದಿ ಹೇಳಿದಾಗ ಅವರಪ್ಪ, "ಅಷ್ಟು ಮ್ಯಾಲ ಹಾರಾಕ ಬರೋ ಹಕ್ಕಿಗೆ ನಮ್ಮ ಬದು ದಾಟಿ ಮುಂದಿನವ್ರ ಹೊಲಕ್ಕ ಹೋಗಾಕ ಬರಂಗಿಲ್ಲೇನು?" ಅಂದರು.

ನಮ್ಮದು ಗದಗ ಜಿಲ್ಲೆ, ಶಿರಹಟ್ಟಿ ಸೀಮೆ. ಮಾಗಡಿ ಕೆರೆ ಅಂದರೆ ಈಗ ಬಹಳ ಜನರಿಗೆ ಗೊತ್ತು (ಬೆಂಗಳೂರಿನವರು ಮಾತ್ರ "ಕೆಂಪೇಗೌಡರ ಮಾಗಡಿನಾ?" ಅಂತಾರೆ, ಅಲ್ಲ, ಇದು ನಮ್ಮ ಮಾಗಡಿ). ಈ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿಯುವ ಕೆರೆ ಅದು. 2024ರ ಜನವರಿ ಕೊನೆಗೆ, ಜಗತ್ತಿನ ಮಹತ್ವದ ಕೆರೆ, ಜವುಗು ಜಾಗಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಂಕಸಮುದ್ರ, ಅಘನಾಶಿನಿ, ಮಾಗಡಿ, ಮೂರಕ್ಕೂ ಒಂದೇ ಸಲ. ಅಲ್ಲಿಗೆ ಕ್ಯಾಮೆರಾ ಹಿಡಿದವರು ಬರುತ್ತಾರೆ, ಶಾಲೆ ಮಕ್ಕಳ ಬಸ್ಸು ಬರುತ್ತದೆ. ನಮ್ಮೂರಿನದು ಅದರ ಆಸುಪಾಸಿನ ಸಣ್ಣ ಕೆರೆ. ಯಾವ ಪಟ್ಟಿಯಲ್ಲೂ ಇಲ್ಲ. ಅಲ್ಲಿ ಜಾಗ ಸಾಲದೆ ಬರುತ್ತವೋ, ಇಲ್ಲಿಯ ಕಡಲೆ ರುಚಿ ಹತ್ತಿ ಬರುತ್ತವೋ, ಮುನ್ನೂರು ನಾಲ್ಕುನೂರು ಹಕ್ಕಿ ವರ್ಷಾ ನಮ್ಮ ಪಾಲಿಗೂ ಬರುತ್ತವೆ.

ಕೆರೆಯ ಬಗ್ಗೆ ಹೆಚ್ಚು ಹೊಗಳುವಂಥದ್ದೇನೂ ಇಲ್ಲ. ಏರಿ ಮೇಲೆ ಬಳ್ಳಾರಿ ಜಾಲಿ ಬೆಳೆದು ಸೈಕಲ್ ಹೋಗುವಷ್ಟೇ ದಾರಿ ಉಳಿದಿದೆ. ತೂಬಿನ ಬಾಯಿ ಮುಚ್ಚಿ ಎಷ್ಟೋ ವರ್ಷ ಆಯಿತು, ನೀರು ತನಗೆ ಬೇಕಾದಲ್ಲಿ ಜಿನುಗುತ್ತದೆ. ಕುಡಿಯುವ ನೀರಿಗೆ ಯಾರೂ ಅತ್ತ ಹೋಗುವುದಿಲ್ಲ, ಐದು ರೂಪಾಯಿ ಹಾಕಿ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಆದರೆ ಕೌದಿ ಒಗೆಯಲು ಕೆರೆಯೇ ಆಗಬೇಕು. ನೆನೆದ ಕೌದಿಯನ್ನು ನಳದ ಕೆಳಗೆ ಒಗೆದೆನೆಂದು ಹೇಳುವವಳು ಕೌದಿ ಎತ್ತಿ ನೋಡಿಲ್ಲ ಅಂತಲೇ ಅರ್ಥ. ಅದಕ್ಕೆ ಇಬ್ಬರು ಬೇಕು, ಹಿಂಡಲು ನಾಲ್ಕು ಕೈ ಬೇಕು, ಒಣಹಾಕಲು ಕೆರೆ ದಂಡೆಯಷ್ಟು ಜಾಗ ಬೇಕು.

ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಇಲ್ಲಿಯ ವರ್ಷ ಹೇಗೆ ತಿರುಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ತವರು ಕಾಲುವೆ ನೀರಿನ ಸೀಮೆ, ಅಲ್ಲಿ ನೀರು ಬಿಡುವ ತಾರೀಖು ಪೇಪರಿನಲ್ಲಿ ಬರುತ್ತಿತ್ತು. ಇಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಅದೂ ಬಂದರೆ. ಮಿರಗ ಮಳೆಗೆ ಹೆಸರು, ಶೇಂಗಾ ಬಿತ್ತುತ್ತಾರೆ. ಆಗ ಕೆರೆಯ ತಳಕ್ಕೆ ನೀರು ಬಂದು, ಬಿರಿದ ಮಣ್ಣು ಹದಕ್ಕೆ ಬಂದಿರುತ್ತದೆ. ಮಣ್ಣೆತ್ತಿನ ಅಮಾಸಿಗೆ ಅಲ್ಲಿಂದಲೇ ಮಣ್ಣು ತರುವುದು. ಅತ್ತಿ ದಂಡೆಯ ಮಣ್ಣು ಮುಟ್ಟುವುದಿಲ್ಲ, ಅದರಲ್ಲಿ ಉಸುಕು ಜಾಸ್ತಿ. ನಾಲ್ಕು ಹೆಜ್ಜೆ ಒಳಗೆ ಹೋಗಿ, ಮೊಣಕೈತನಕ ಕೈ ಹಾಕಿ, ಅಡಿಯ ಕರಿ ಮಣ್ಣು ತೆಗೆಯುತ್ತಾರೆ. ಬೆರಳ ನಡುವೆ ತಿಕ್ಕಿ ನೋಡಿ, ಕಿರುಗುಟ್ಟಿದರೆ ಚೆಲ್ಲಿಬಿಡುತ್ತಾರೆ. ಎತ್ತಿನ ಹಿಣಿಲು ಒತ್ತುವುದು ಹೆಬ್ಬೆರಳಿನಿಂದ, ಕಣ್ಣಿಗೆ ಜೋಳದ ಕಾಳು. ನಾನು ಮಾಡಿದ ಎತ್ತು ಇವತ್ತಿಗೂ ಕುರಿಯ ಹಾಗೇ ಕಾಣುತ್ತದೆ. 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸಾರಿದರಲ್ಲ ಆ ವರ್ಷ, ಹಲ್ಲೆ ಹಲ್ಲೆಯಾಗಿ ಎದ್ದಿದ್ದ ಒಣ ಮಣ್ಣನ್ನು ಚೀಲದಲ್ಲಿ ತಂದು ಬಕೀಟಿನಲ್ಲಿ ಎರಡು ದಿನ ನೆನೆಹಾಕಿ ಎತ್ತು ಮಾಡಿದೆವು. ಆ ಚಳಿಗಾಲ ನಮ್ಮ ಕೆರೆಗೆ ಹಕ್ಕಿ ಬರಲಿಲ್ಲ. ಕಡಲೆಯೂ ಮೊಳಕಾಲಿಗೆ ಬರದೆ ಒಣಗಿತು. ಹೊಲ ಕಾಯುವ ಕೆಲಸವಿಲ್ಲದೆ ನಮ್ಮನಿಯವರು ರಾತ್ರಿಯೆಲ್ಲ ಮನೆಯಲ್ಲೇ ಹೊರಳಾಡುತ್ತಿದ್ದರು.

ಜಗಳ ಇರುವುದು ಕಡಲೆಯದ್ದು. ಹಸ್ತ, ಚಿತ್ತಿ ಮಳೆಯ ಹಸಿ ಹಿಡಿದು ಕರಿ ಹೊಲದಲ್ಲಿ ಕಡಲೆ ಬಿತ್ತುತ್ತೇವೆ. ಸಸಿ ಗೇಣುದ್ದ ಆಗುವ ಹೊತ್ತಿಗೆ ಸರಿಯಾಗಿ ಬೀಗರು ಇಳಿಯುತ್ತಾರೆ. ಹಗಲೆಲ್ಲ ಕೆರೆಯ ನಡುವೆ ಒಂದು ಕಾಲಲ್ಲಿ ನಿಂತು ನಿದ್ದೆ, ಕತ್ತಲಾದ ಮೇಲೆ ಮೇವು. ಕಿತ್ತ ಶೇಂಗಾ ಹೊಲದಲ್ಲಿ ಮಣ್ಣೊಳಗೆ ಉಳಿದ ಕಾಯಿ ಆಯ್ದು ತಿಂದರೆ ಯಾರೂ ಬೇಡವೆನ್ನುವುದಿಲ್ಲ. ಕಡಲೆಗೆ ಬಂದರೆ ಮಾತ್ರ ಊರು ಎರಡು ಪಕ್ಷವಾಗುತ್ತದೆ, ನಮ್ಮ ಮನೆಯೂ.

ಅತ್ತಿಯ ಪಕ್ಷ: ಕುಡಿ ಚಿವುಟಿದರೆ ಕಡಲೆ ಕವಲೊಡೆಯುತ್ತದೆ, ನಾವು ಕೂಲಿ ಕೊಟ್ಟು ಮಾಡಿಸುವುದನ್ನು ಅವು ಪುಕ್ಕಟೆ ಮಾಡುತ್ತವೆ, ಮೇಲೆ ಗೊಬ್ಬರ ಬೇರೆ ಹಾಕುತ್ತವೆ. ಅವರ ಮಗನ, ಅಂದರೆ ನಮ್ಮನಿಯವರ ಪಕ್ಷ: ಚಿವುಟುವುದು ಕೈಯಿಂದ, ಅವುಗಳ ಕೊಕ್ಕಿಗೆ ಹಸಿ ನೆಲದ ಸಸಿ ಸಿಕ್ಕರೆ ಬೇರು ಸಮೇತ ಬರುತ್ತದೆ. ನಾನು ಎರಡನ್ನೂ ಕಣ್ಣಾರೆ ನೋಡಿದ್ದೇನೆ. ತಿಂಗಳ ಸಸಿಯ ತುದಿ ತಿಂದ ಸಾಲು ಜನವರಿಯಲ್ಲಿ ಪೊದೆಯಾಗಿತ್ತು, ನಿಜ. ಮಳೆ ಬಿದ್ದ ಮರುದಿನ ಇಳಿದ ಪಟ್ಟಿಯಲ್ಲಿ ಹತ್ತು ಹೆಜ್ಜೆ ಉದ್ದಕ್ಕೆ ಒಂದು ಸಸಿಯೂ ಇರಲಿಲ್ಲ, ಅದೂ ನಿಜ. ಒಂದು ವರ್ಷ ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದರು. ಹಕ್ಕಿ ತಿನ್ನುತ್ತಿರುವಾಗಿನ ಫೋಟೋ ಬೇಕು ಅಂದರಂತೆ. ಅಮಾವಾಸ್ಯೆ ಕತ್ತಲಲ್ಲಿ, ನಮ್ಮ ಮೊಬೈಲಿನಲ್ಲಿ. ಆ ಫೋಟೋ ಇನ್ನೂ ಇದೆ, ಪೂರ್ತಿ ಕಪ್ಪು, ನಡುವೆ ಎರಡು ಹೊಳೆಯುವ ಚುಕ್ಕೆ. ನಾಯಿಯ ಕಣ್ಣೂ ಆಗಿರಬಹುದು.

ಹೊಡೆಯುವಂತಿಲ್ಲ, ಹೊಡೆಯುವ ಮನಸ್ಸೂ ಯಾರಿಗಿಲ್ಲ. ಹೆದರಿಸಬೇಕು ಅಷ್ಟೆ. ಡಬ್ಬಿ ಬಾರಿಸಿದ್ದಾಯಿತು, ನನ್ನ ಹಳೇ ಸೀರೆ ಕೋಲಿಗೆ ಉಡಿಸಿದ್ದಾಯಿತು. ಈ ಸಲ ಯಾರೋ ಹೇಳಿದರಂತೆ, ಕ್ಯಾಸೆಟ್ಟಿನ ರೀಲು ಬಿಗಿಯಾಗಿ ಎಳೆದು ಕಟ್ಟಿದರೆ ಗಾಳಿಗೆ ಗುಂಯ್‌ಗುಡುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ ಅಂತ. ಒಂದು ಮಧ್ಯಾಹ್ನ ಬುತ್ತಿ ಕೊಡಲು ಹೋದರೆ ಹೊಲದ ತುಂಬ ಕರಿ ಪಟ್ಟಿ ಮಿಂಚುತ್ತಿತ್ತು. ಬದುವಿನ ಮೇಲೆ ಬಿದ್ದಿದ್ದ ಖಾಲಿ ಡಬ್ಬಿಯ ಚೀಟಿ ನೋಡಿದೆ. ನಮ್ಮ ಹೆಸರು, 2003, ಸುತ್ತ ಗುಲಾಬಿ ಹೂವಿನ ಚಿತ್ರ.

"ನೋಡೋ ಮಷಿನ್ ಕೆಟ್ಟು ಹದಿನೈದು ವರ್ಷ ಆತು. ರೀಲಿಗೆ ಬೂಷ್ಟು ಹಿಡದಿತ್ತು" ಅಂದರು.

"ಕೇಳಬೇಕಿತ್ತಿಲ್ಲರಿ ಒಂದ್ ಮಾತು?"

"ಕೇಳಿದ್ರ ಕೊಡತಿದ್ದಿಲ್ಲ ನೀ."

ಅದಂತೂ ಖರೆ. ಮೂರು ತಾಸಿನ ಕ್ಯಾಸೆಟ್ಟು, ರೀಲು ಕಾಲು ಕಿಲೋಮೀಟರ್ ಉದ್ದ ಬಂತು. ಮೂರು ಎಕರೆಗೆ ಎರಡು ಸಾಲು ಎಳೆದು ಮೂರನೆಯದು ಜಾಲಿ ಗಿಡದ ತನಕ. ಎರಡು ಗೂಟದ ನಡುವೆ ಒಂದು ಸುತ್ತು ತಿರುಚಿ ಕಟ್ಟಬೇಕು, ಇಲ್ಲದಿದ್ದರೆ ಸದ್ದು ಬರುವುದಿಲ್ಲ. ಮಾತಾಡಬಾರದು ಅಂತ ಮಾಡಿದವಳು ಆ ತಿರುಚುವುದನ್ನು ನಾನೇ ಸರಿ ಮಾಡಿಕೊಟ್ಟೆ. ಬಟ್ಟೆಯ ಪೈಪಿಂಗ್ ಎಳೆದ ಕೈ. ಹತ್ತು ದಿನ ಒಂದು ಹಕ್ಕಿಯೂ ಇಳಿಯಲಿಲ್ಲ. ಹನ್ನೊಂದನೇ ದಿನ ಪಟ್ಟಿಯ ಕೆಳಗೇ ನಿಂತು ಮೇಯುತ್ತಿದ್ದವು.

ಜನವರಿಯಲ್ಲಿ ನಸುಕಿಗೇ ಅತ್ತಿ, ನಾನು ಕಡಲೆ ಹುಳಿ ಹಿಡಿಯಲು ಹೋಗುತ್ತೇವೆ. ತೆಳು ಬಿಳಿ ಬಟ್ಟೆಯ ಎರಡು ತುದಿ ಇಬ್ಬರೂ ಹಿಡಿದು, ಗಿಡದ ಮೇಲೆ ತಾಗಿಯೂ ತಾಗದ ಹಾಗೆ ಎಳೆಯುತ್ತ ಸಾಲಿನುದ್ದ ನಡೆಯುವುದು. ಎಲೆಯ ಹುಳಿಯೆಲ್ಲ ಇಬ್ಬನಿ ಜೊತೆ ಬಟ್ಟೆಗೆ ಇಳಿಯುತ್ತದೆ, ಹಿಂಡಿ ಬಾಟಲಿಗೆ ತುಂಬಿಟ್ಟರೆ ಹೊಟ್ಟೆನೋವಿಗೆ ಮದ್ದು. ಬೆರಳಲ್ಲಿ ಸೀಳು ಇದ್ದರೆ ಉರಿ ತಲೆಗೇರುತ್ತದೆ. ಸೂಜಿ ಚುಚ್ಚಿದ ನನ್ನ ಬೆರಳುಗಳಿಗಂತೂ ಕೇಳುವುದೇ ಬೇಡ. ಈ ಸಲ ರೀಲಿನ ಕೆಳಗೆ ಬಗ್ಗಿ ಬಗ್ಗಿ ನಡೆದೆವು. ಪೂರ್ವ ಬೆಳ್ಳಗಾಗುವಾಗ ಹೊಲದ ಆ ತುದಿಯಿಂದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ನಮ್ಮ ತಲೆ ಮೇಲೆ ಕೆರೆಗೆ ಹೋದವು. ರೆಕ್ಕೆ ಗಾಳಿಗೆ ಮೂರೂ ಸಾಲು ಗುಂಯ್ ಅಂದವು. ಅತ್ತಿ ಬಟ್ಟೆ ಹಿಡಿದೇ ನಿಂತು ಎಣಿಸಲು ಹೋಗಿ, ಎಪ್ಪತ್ತಕ್ಕೆ ತಪ್ಪಿ, ಬಿಟ್ಟರು.

ಶಿವರಾತ್ರಿ ದಾಟಿದ ಮೇಲೆ ಹಕ್ಕಿ ಕಡಿಮೆಯಾಗುತ್ತ ಬಂದು ಮಾರ್ಚಿಗೆ ಕೆರೆ ಖಾಲಿ. ಹೋಗುವಾಗ ಬರುವಾಗಿನಷ್ಟು ಗದ್ದಲವಿಲ್ಲ. ಇನ್ನು ಬೇಸಿಗೆ: ನೀರು ಹಿಂದೆ ಸರಿಯುತ್ತದೆ, ಹುಡುಗರು ತಳದಲ್ಲಿ ಕ್ರಿಕೆಟ್ ಆಡುತ್ತಾರೆ, ಟ್ರ್ಯಾಕ್ಟರಿನವರು ಹೂಳು ಹೊಡೆಯುತ್ತಾರೆ, ಧೂಳಿಗೆ ನಾನು ಬಿಳಿ ಬಟ್ಟೆಯ ಹೊಲಿಗೆ ಹಿಡಿಯುವುದಿಲ್ಲ.

ಕಡಲೆ ಕಿತ್ತಾದ ಮೇಲೆ ರೀಲು ಸುತ್ತುವ ಕೆಲಸ ನನಗೂ ಅತ್ತಿಗೂ ಬಿತ್ತು. ಲೇಸು ಸುತ್ತಿ ಬರುತ್ತದಲ್ಲ, ಆ ರಟ್ಟು ತಂದಿದ್ದೆ. ಬಿಸಿಲಿಗೆ ಅಲ್ಲಲ್ಲಿ ತುಂಡಾಗಿತ್ತು. ಅತ್ತಿ ತುಂಡೊಂದನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು.

"ನಿಮ್ಮ ಮಾವ ಪಂಕ್ತಿಯೊಳಗ ಹೋಳಿಗಿ ನೀಡತಿದ್ರಲ್ಲ, ಅದು ಯಾವ ತುಂಡಿನಾಗ ಬಂತು?"

ಮಾವ ಹೋಗಿ ಒಂಬತ್ತು ವರ್ಷ. ಊಟ ಕಡೆಗೆ ಬರುತ್ತದೆ, ಕಟ್ಟಲು ಶುರು ಮಾಡಿದ್ದು ರಸ್ತೆ ಕಡೆಯಿಂದ. ಲೆಕ್ಕ ಹಾಕಿ, ಜಾಲಿ ಗಿಡದ ಹತ್ತಿರದ ತುಂಡು ಇರಬೇಕು ಅಂದೆ.

ಅತ್ತಿ ಅಲ್ಲಿಗೆ ಹೋಗಿ, ಮುಳ್ಳಿಗೆ ಸಿಕ್ಕಿದ್ದನ್ನು ಹರಿಯದ ಹಾಗೆ ಬಿಡಿಸಿಕೊಂಡು ಬಂದು, "ಇದನ್ನ ಬ್ಯಾರೆ ರಟ್ಟಿಗೆ ಸುತ್ತು" ಅಂದರು.